ಮಾತಾಡಲು ಒಂದು ಜಾಗ

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಗುಬ್ಬಿಯ ಒಂದು ಜೂನಿಯರ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದೆ. ಆರ್ಟ್ಸ್‌ಗೆ ಸೇರಿದ ಹುಡುಗ ಹುಡುಗಿಯರು ಬೇರೆ ಯಾವ ವಿಷಯಕ್ಕೂ ಸೀಟು ಸಿಗದಿದ್ದಾಗ ತರ್ಕಶಾಸ್ತ್ರ ತೆಗೆದುಕೊಳ್ಳುತ್ತಿದ್ದರು. 'ಎಲ್ಲ ಮನುಷ್ಯರೂ ಸಾಯುವವರೇ' ಎಂದು ನಾನು ಬೋರ್ಡಿನ ಮೇಲೆ ಬರೆದರೆ, 'ಪಾಸಾದ್ಮೇಲೆ ಸಾಯ್ತೀವಿ ಮಿಸ್' ಎಂದು ಹಿಂದಿನ ಬೆಂಚಿನಿಂದ ಮಾತು ಬರುತ್ತಿತ್ತು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ ನನಗೆ ಆ ಕೆಲಸ ಬೇಸರ ತಂದಿರಲಿಲ್ಲ. ಆದರೆ ಅಷ್ಟಕ್ಕೇ ಹೊಟ್ಟೆ ತುಂಬುತ್ತಿರಲಿಲ್ಲ.

ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ಹರಡಿಕೊಂಡು ಕೂರುವವನೊಬ್ಬನಿದ್ದ. ಸಿಇಟಿ ಗೈಡುಗಳ ಅಡಿಯಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ನನಗೆ ಅಲ್ಲಿ ಸಿಕ್ಕಿತು. ಆಧುನಿಕ ತತ್ವಶಾಸ್ತ್ರದಲ್ಲಿ ವಿಮರ್ಶಾತ್ಮಕ ಸಾಮಾಜಿಕ ಸಿದ್ಧಾಂತ ಹೇಗೆ ಬೆಳೆಯಿತು ಎನ್ನುವುದು ಅದರ ವಿಷಯ. ಎಂ.ಎ. ಓದುವಾಗ ಈ ಸಿದ್ಧಾಂತದ ಹೆಸರು ಕೇಳಿದ್ದೆನೇ ಹೊರತು ಅದರೊಳಗೆ ಏನಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಶನಿವಾರ ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಮದುವೆ ಊಟ ಮುಗಿಸಿ ತಾಂಬೂಲದ ಚೀಲ ಹಿಡಿದು ಪಕ್ಕದ ಸೀಟಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಕತ್ತು ಉದ್ದ ಮಾಡಿ ಪುಟವನ್ನು ನೋಡಿದರು.

"ಏನಮ್ಮಾ, ಇದನ್ನ ಸಿಲಬಸ್ಸಿಗೆ ಇಟ್ಟಿದಾರಾ?"

"ಇಲ್ಲ ಸಾರ್, ಸುಮ್ನೆ ಓದ್ತಿದೀನಿ."

"ಸುಮ್ನೆ ಓದೋ ಪುಸ್ತಕ ಅಲ್ವಲ್ಲ ಅದು. ಅರ್ಥ ಆಗ್ತಿದ್ಯಾ?"

"ಒಂದು ವಾಕ್ಯ ಅರ್ಥ ಆಯ್ತು ಅಂದ್ಕೊಂಡ್ರೆ ಮುಂದಿನ ವಾಕ್ಯದಲ್ಲಿ ಅದೂ ಕೈಬಿಟ್ಟುಹೋಗತ್ತೆ."

"ಹಂಗಾದ್ರೆ ಸರಿಯಾಗೇ ಓದ್ತಿದೀಯ ಬಿಡು" ಎಂದು ನಕ್ಕರು.

ಅವರು ತುಮಕೂರಿನ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ನಾವೆಲ್ಲ ಆಮೇಲೆ ಅವರನ್ನು ಮೇಷ್ಟ್ರು ಎಂದೇ ಕರೆದೆವು. ಬಸ್ಸು ಇಳಿಯುವ ಹೊತ್ತಿಗೆ ಅವರು ನನ್ನ ಪುಸ್ತಕವನ್ನು ಇಸಿದುಕೊಂಡು ಪರಿವಿಡಿ ಪೂರ್ತಿ ನೋಡಿ ಮುಗಿಸಿದ್ದರು. "ಭಾನುವಾರ ಮನೆಗೆ ಬಾ. ಇನ್ನಿಬ್ಬರು ಬರ್ತಾರೆ. ಕೂತು ಓದೋಣ. ಒಬ್ಬೊಬ್ಬರೇ ಓದಿದರೆ ತಲೆ ಕೆಡುತ್ತೆ" ಎಂದರು.

ಇನ್ನಿಬ್ಬರಲ್ಲಿ ಒಬ್ಬರು ಗುಬ್ಬಿಯವರೇ ಆದ ಲಾಯರು. ತೆಂಗಿನ ತೋಟದ ದೊಡ್ಡ ಮನೆತನ, ತುಮಕೂರು ಕೋರ್ಟಿನಲ್ಲಿ ಪ್ರಾಕ್ಟೀಸು, ಬಾಯಿ ತೆರೆದರೆ ವಾದ. ಇನ್ನೊಬ್ಬರು ತುಮಕೂರಿನ ಬ್ಯಾಂಕೊಂದರಲ್ಲಿ ಕ್ಲರ್ಕಾಗಿದ್ದವರು. ಅವರ ಊರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆ. ಬಹಳ ಓದುತ್ತಿದ್ದರು, ಕಡಿಮೆ ಮಾತಾಡುತ್ತಿದ್ದರು. ನನ್ನ ತೌರು ಅಮೃತೂರಾದ್ದರಿಂದ 'ನಮ್ಮ ಕಡೆಯವರು' ಎಂಬ ಸಲಿಗೆ ನನಗೆ ಅವರ ಮೇಲೆ ಮೊದಲ ದಿನವೇ ಬಂತು. ಅವರು ಮಾತ್ರ ಆ ಸಲಿಗೆಯನ್ನು ಮೆಲ್ಲಗೆ ಅಳೆದು ನೋಡುತ್ತಿದ್ದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ನಾವು ನಾಲ್ವರೂ ಭಾನುವಾರದ ಮಧ್ಯಾಹ್ನ ಸೇರುತ್ತಿದ್ದೆವು. ಒಬ್ಬರು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದಬೇಕು, ಇನ್ನೊಬ್ಬರು ಅದನ್ನು ಕನ್ನಡದಲ್ಲಿ ಹೇಳಬೇಕು, ಉಳಿದವರು ಜಗಳ ತೆಗೆಯಬೇಕು. ಇದು ಮೇಷ್ಟ್ರ ಪದ್ಧತಿ.

ಅವರು ಕಥೆ ಶುರುಮಾಡಿದ್ದು ಹದಿನೆಂಟನೇ ಶತಮಾನದಿಂದ. ಆ ಕಾಲದ ಒಬ್ಬ ಜರ್ಮನ್ ತತ್ವಜ್ಞಾನಿ, ದೇವರನ್ನೋ ಲೋಕವನ್ನೋ ವಿಚಾರಣೆ ಮಾಡುವ ಮೊದಲು ವಿಚಾರಣೆ ಮಾಡುವ ಬುದ್ಧಿಯನ್ನೇ ಕಟಕಟೆಗೆ ಕರೆದ. ನಿನಗೆ ಎಷ್ಟು ಗೊತ್ತಾಗಬಲ್ಲುದು, ನೀನು ಎಲ್ಲಿ ನಿಲ್ಲಬೇಕು ಎಂದು ಕೇಳಿದ. ಕಟಕಟೆ ಎಂದ ಕೂಡಲೇ ಲಾಯರಿಗೆ ಖುಷಿಯಾಯಿತು. ಅವನ ನಂತರ ಬಂದವನು ಬುದ್ಧಿಗೂ ಒಂದು ಚರಿತ್ರೆಯಿದೆ, ಅದು ಕಾಲದ ಜೊತೆ ಬೆಳೆಯುತ್ತದೆ ಎಂದ. ಅವನ ಹಿಂದೆ ಬಂದ ಕಿರಿಯನೊಬ್ಬ, ಬರೀ ಬುದ್ಧಿಯನ್ನು ನೋಡಬೇಡಿ, ಜನ ಏನು ದುಡಿಯುತ್ತಾರೆ, ಆ ದುಡಿಮೆ ಯಾರ ಪಾಲಾಗುತ್ತದೆ ನೋಡಿ ಎಂದ.

"ಆಮೇಲೆ?" ಎಂದೆ ನಾನು.

"ಆಮೇಲೆ ಅವನು ಹೇಳಿದ ಹಾಗೆ ಆಗಲಿಲ್ಲ. ಅಲ್ಲಿಂದಾನೇ ನಿನ್ನ ಪುಸ್ತಕ ಶುರುವಾಗೋದು."

ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಒಂದು ಊರಿನಲ್ಲಿ ಕೆಲವು ಗೆಳೆಯರು ಒಂದು ಸಂಶೋಧನಾ ಕೇಂದ್ರದಲ್ಲಿ ಜೊತೆಗೂಡಿದರಂತೆ. ತುಳಿಸಿಕೊಂಡವರು ಎದ್ದು ನಿಲ್ಲುತ್ತಾರೆ ಎಂದುಕೊಂಡಿದ್ದ ಕಡೆ ಅವರಲ್ಲೇ ಎಷ್ಟೋ ಜನ ತುಳಿಯುವವನಿಗೆ ಜೈಕಾರ ಹಾಕುತ್ತಿದ್ದರು. ಯಾಕೆ ಹೀಗೆ ಎಂಬುದು ಆ ಗೆಳೆಯರನ್ನು ಕಾಡಿದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅವರು ಅರ್ಥಶಾಸ್ತ್ರದ ಪಕ್ಕದಲ್ಲಿ ಮನಶ್ಶಾಸ್ತ್ರವನ್ನೂ ಸಂಗೀತವನ್ನೂ ಸಿನಿಮಾವನ್ನೂ ಇಟ್ಟುಕೊಂಡು ನೋಡಿದರು. ಅಷ್ಟರಲ್ಲಿ ಆ ಜೈಕಾರವೇ ಅವರನ್ನು ದೇಶ ಬಿಡಿಸಿತು.

ನನ್ನನ್ನು ಹಿಡಿದದ್ದು ಈ ಪ್ರಶ್ನೆ. ಅಲ್ಲಿಯವರೆಗೆ ನನಗೆ ತತ್ವಶಾಸ್ತ್ರವೆಂದರೆ ಲೋಕ ಸತ್ಯವೋ ಮಿಥ್ಯೆಯೋ ಎಂದು ಕೇಳುವುದು. ಪಕ್ಕದ ಮನೆಯವರು ಯಾಕೆ ಹೀಗೆ ಮಾಡುತ್ತಾರೆ, ನಾನು ಯಾಕೆ ಇದನ್ನು ಸಹಿಸುತ್ತೇನೆ ಎಂದು ಕೇಳುವುದೂ ತತ್ವಶಾಸ್ತ್ರ ಎಂದು ಗೊತ್ತಿರಲಿಲ್ಲ.

ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು ಎನ್ನುವುದೇ ಕೆಲವು ವಾರ ನಡೆಯಿತು. "ವಿಮರ್ಶೆ ಅಂದ್ರೆ ಪುಸ್ತಕದ ವಿಮರ್ಶೆ ಅಂದ್ಕೋತಾರೆ ಜನ. ಟೀಕೆ ಅನ್ನಿ" ಎಂದು ಲಾಯರು. "ಟೀಕೆ ಅಂದ್ರೆ ಬೈಗುಳ ಅಂದ್ಕೋತಾರೆ" ಎಂದು ಬ್ಯಾಂಕಿನವರು. ಮೇಷ್ಟ್ರು ಎದ್ದು ಬೀರುವಿನಿಂದ ಸಂಸ್ಕೃತ ನಿಘಂಟು ತಂದರು. ವಿಮರ್ಶೆಯ ಬೇರಿನಲ್ಲಿರುವ ಧಾತುವಿಗೆ ಮುಟ್ಟು, ಕೈಯಿಂದ ತಡವಿ ನೋಡು ಎಂಬ ಅರ್ಥವಿದೆ ಎಂದು ತೋರಿಸಿದರು. "ನಮ್ಮ ಶೈವರಲ್ಲಿ ವಿಮರ್ಶೆ ಅಂದ್ರೆ ಶಿವನ ಶಕ್ತಿ ಕಣಮ್ಮಾ. ಚೈತನ್ಯ ತನ್ನನ್ನ ತಾನೇ ತಿಳ್ಕೊಳ್ಳೋ ಶಕ್ತಿ. ಜರ್ಮನಿಯವನು ಕೇಳ್ತಿರೋದೂ ಹತ್ತಿರ ಹತ್ತಿರ ಅದನ್ನೇ. ಸಮಾಜ ತನ್ನನ್ನ ತಾನು ಮುಟ್ಟಿ ನೋಡ್ಕೋಬೇಕು."

"ಸಾರ್, ಮುಟ್ಟೋದರ ಬಗ್ಗೆ ಸಮಾಜಕ್ಕೆ ಬೇರೆ ಅಭಿಪ್ರಾಯಗಳವೆ" ಎಂದರು ಬ್ಯಾಂಕಿನವರು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೂ ವಿಮರ್ಶೆ ಎಂಬ ಪದವೇ ಉಳಿಯಿತು.

ಸಿನಿಮಾ, ರೇಡಿಯೋಗಳು ಮನರಂಜನೆಯ ಕಾರ್ಖಾನೆಗಳಾಗಿ ಜನರ ಆಸೆಯನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತವೆ ಎಂಬ ಅಧ್ಯಾಯ ಬಂದಾಗ ನನಗೆ ಮನೆಯಲ್ಲೇ ಪ್ರಯೋಗಶಾಲೆ ಸಿಕ್ಕಿತು. ನಮ್ಮತ್ತೆ ಆಗ ಟಿ.ವಿ. ಧಾರಾವಾಹಿಯ ಭಕ್ತೆ. ಕಾಲೇಜಿನಿಂದ ಬಂದು ನಾನು ಅವರ ಪಕ್ಕ ಕೂತು, ಧಾರಾವಾಹಿ ಬಿಟ್ಟು ಅವರ ಮುಖ ನೋಡತೊಡಗಿದೆ. ತೆರೆಯ ಮೇಲಿನ ಸೊಸೆ ಕಣ್ಣೀರು ಹಾಕಿದರೆ ಅತ್ತೆ ಅಳುತ್ತಾರೆ ಎಂಬುದು ನನ್ನ ನಿರೀಕ್ಷೆ. ಅವರು ಅವಳನ್ನೇ ಗದರುತ್ತಿದ್ದರು. "ಬಾಯಿಗೆ ಏನ್ ಬೀಗ ಹಾಕವ್ರೇನೆ? ಹೇಳೇ!" ಹಾಗಾದರೆ ಪುಸ್ತಕ ತಪ್ಪು ಎಂದು ನಾನು ಹಿಗ್ಗುವಷ್ಟರಲ್ಲಿ ಮಧ್ಯದಲ್ಲಿ ಜಾಹೀರಾತು ಬಂತು. ವಾರ ಕಳೆಯುವುದರೊಳಗೆ ನಮ್ಮ ಬಚ್ಚಲಿಗೆ ಅದೇ ಸೋಪು ಬಂತು.

"ಯಾಕತ್ತೆ ಇದು? ಹಳೇದೇ ಚೆನ್ನಾಗಿತ್ತಲ್ಲ."

"ಎಲ್ಲಾರೂ ತಗತಾವ್ರೆ ಕಣೇ, ನಂದೊಂದು ಬೇರೆ ಯಾಕೆ?"

ಮೇಷ್ಟ್ರಿಗೆ ಎರಡನ್ನೂ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಎರಡೂ ನಿಜ ಇರಬೇಕು. ಒಂದೇ ಮನುಷ್ಯನಲ್ಲಿ ಎರಡೂ ಹೇಗೆ ಇರತ್ತೆ, ಅದನ್ನ ಯೋಚನೆ ಮಾಡು" ಎಂದರು. ಇವತ್ತಿಗೂ ಯೋಚಿಸುತ್ತಲೇ ಇದ್ದೇನೆ.

ಹೀಗೆ ಎರಡು ವರ್ಷ ಕಳೆಯಿತು. ಆ ಜರ್ಮನ್ ಕೇಂದ್ರದ ಹಿರಿಯರ ತಲೆಮಾರು ಮುಗಿದು ಅವರ ಶಿಷ್ಯನ ಅಧ್ಯಾಯಕ್ಕೆ ಬಂದೆವು. ಹಿರಿಯರ ಬರಹದಲ್ಲಿ ಒಂದು ಕತ್ತಲೆಯಿತ್ತು. ಭಯದಿಂದ ಬಿಡಿಸಲು ಹುಟ್ಟಿದ ಬುದ್ಧಿಯೇ ಲೆಕ್ಕಾಚಾರದ ಸಲಕರಣೆಯಾಗಿ ಮನುಷ್ಯನ ಮೇಲೆ ಸವಾರಿ ಮಾಡುತ್ತಿದೆ ಎಂದು ಅವರು ಬರೆದಿದ್ದರು. ಶಿಷ್ಯ ಅದನ್ನು ಪೂರ್ತಿ ಒಪ್ಪಲಿಲ್ಲ. ಕೆಲಸ ಸಾಧಿಸುವ ಬುದ್ಧಿ ಒಂದು, ಒಬ್ಬರನ್ನೊಬ್ಬರು ಅರಿಯಲು ಮಾತಾಡುವಾಗ ಇರುವ ಬುದ್ಧಿ ಇನ್ನೊಂದು ಎಂದ. ಒಂದು ನಿಯಮದಿಂದ ಯಾರಿಗೆಲ್ಲ ಪರಿಣಾಮ ಆಗುತ್ತದೋ ಅವರೆಲ್ಲ ಮಾತಿನಲ್ಲಿ ಪಾಲುಗೊಳ್ಳಬೇಕು. ಅಲ್ಲಿ ಯಾರ ಬಲವೂ ನಡೆಯಬಾರದು, ಒಳ್ಳೆಯ ಕಾರಣ ಮಾತ್ರ ನಡೆಯಬೇಕು.

ಆ ಅಧ್ಯಾಯವನ್ನು ಕನ್ನಡದಲ್ಲಿ ಹೇಳುವ ಸರದಿ ನನ್ನದು. ಹೇಳುತ್ತಿದ್ದಾಗ ಮೇಷ್ಟ್ರ ಹೆಂಡತಿ ಎಂದಿನಂತೆ ತಟ್ಟೆಯಲ್ಲಿ ಕಾಫಿ ತಂದಿಟ್ಟು ಒಳಗೆ ಹೊರಟರು. ಅವರನ್ನು ನಾನು ಅಮ್ಮ ಎನ್ನುತ್ತಿದ್ದೆ. ಅವರು ಒಳಬಾಗಿಲು ದಾಟುವುದನ್ನು ನೋಡಿ ನನ್ನ ಮಾತು ನಿಂತಿತು.

"ಮೇಷ್ಟ್ರೇ, ನಮ್ಮ ಓದಿನಿಂದ ಪರಿಣಾಮ ಆಗೋವ್ರು ಯಾರ್ಯಾರು?" ಎಂದು ಕೇಳಿದೆ.

"ಅಂದ್ರೆ?"

"ಅಮ್ಮನಿಗೂ ಇಲ್ಲೊಂದು ಕುರ್ಚಿ ಹಾಕೋಣ ಅಂತ."

ಮೇಷ್ಟ್ರು ನಕ್ಕರು. "ಅವಳಿಗೆ ಇದೆಲ್ಲ ಬೇಡಮ್ಮ."

ಬಾಗಿಲ ಹತ್ತಿರ ಅಮ್ಮ ನಿಂತರು. "ಕುರ್ಚಿ ಬೇಡ ನಿಜ. ಅಲ್ಲಿ ಕೂತ್ರೆ ಅರ್ಥ ಆದೋರ ಥರ ಮುಖ ಇಟ್ಕೋಬೇಕಾಗತ್ತೆ. ಒಳಗಡೆಯಿಂದಾನೇ ಚೆನ್ನಾಗಿ ಕೇಳ್ಸತ್ತೆ ನಂಗೆ. ಆದ್ರೆ ಏನ್ ಬೇಕು ಅಂತ ಕೇಳಿದ್ರೆ ಹೇಳ್ತೀನಿ."

"ಹೇಳು" ಎಂದರು ಮೇಷ್ಟ್ರು, ಕನ್ನಡಕ ತೆಗೆದು.

"ಭಾನುವಾರ ಬೇಕು. ಹುಲಿಯೂರುದುರ್ಗದಿಂದ ತಂಗಿ ಕರೀತಾಳೆ, ಹೋಗಕ್ಕಾಗಲ್ಲ. ಮಧ್ಯಾಹ್ನ ಒಂದ್ ಗಳಿಗೆ ಕಾಲು ಚಾಚಿ ಮಲಗಕ್ಕಾಗಲ್ಲ. ಎರಡು ವರ್ಷದಿಂದ ನಂಗೆ ಭಾನುವಾರ ಅನ್ನೋದೇ ಇಲ್ಲ."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮುಜುಗರಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ನಾನು ಕೊಡಲು ಹೊರಟಿದ್ದೇ ಒಂದು, ಅವರಿಗೆ ಬೇಕಾಗಿದ್ದೇ ಇನ್ನೊಂದು. ಕೇಳದೆ ಹೋಗಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಲಾಯರು ಮೊದಲು ಎದ್ದರು. "ಮೇಷ್ಟ್ರೇ, ಇದಕ್ಕೆ ಪ್ರತಿವಾದ ಇಲ್ಲ. ಕೇಸು ಅಮ್ಮಂದೇ" ಎಂದರು. ಮೇಷ್ಟ್ರು ಕಾಫಿ ಲೋಟಗಳನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಒಳಗೆ ಪಾತ್ರೆ ಬಿದ್ದ ಶಬ್ದ ಕೇಳಿಸಿತು, ಆಮೇಲೆ ಅಮ್ಮ ನಕ್ಕಿದ್ದು ಕೇಳಿಸಿತು.

ಈಗ ಜಾಗ ಹುಡುಕಬೇಕಾಯಿತು. ಮೊದಲು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಹೋಟೆಲಿಗೆ ಹೋದೆವು. ನಾನಿದ್ದೆನೆಂದು ಮಾಣಿ ನಮ್ಮನ್ನು ಪರದೆ ಬಿಟ್ಟ 'ಫ್ಯಾಮಿಲಿ ರೂಮಿ'ಗೆ ಕಳಿಸಿದ. ಮೂವರು ಗಂಡಸರು, ಒಬ್ಬಳು ಹೆಂಗಸು, ಮೇಜಿನ ಮೇಲೆ ರಟ್ಟಿಲ್ಲದ ಪುಸ್ತಕ. ಅವನು ಏನೇನೋ ನೆಪದಲ್ಲಿ ಪರದೆ ಸರಿಸಿ ಸರಿಸಿ ನೋಡಿದ. ಕೊನೆಗೆ ಮಾಲೀಕರೇ ಬಂದು, "ಸಾರ್, ಏನಾರ ಮಾತುಕತೆ ವಿಷ್ಯಾನಾ? ಹುಡುಗನ ಕಡೆಯೋರು ಇನ್ನೂ ಬರ್ಬೇಕಾ?" ಎಂದು ಕೇಳಿದರು. ಮದುವೆ ಮಾತುಕತೆ ಅಂದುಕೊಂಡಿದ್ದರು! ಮೇಷ್ಟ್ರು ಗಂಭೀರವಾಗಿ, "ಹುಡುಗ ಜರ್ಮನಿಯಲ್ಲಿದಾನೆ" ಎಂದುಬಿಟ್ಟರು.

ಅದೇ ದಿನ ನಾವು ಓದುತ್ತಿದ್ದದ್ದು ಏನು ಗೊತ್ತೆ? ಹದಿನೆಂಟನೇ ಶತಮಾನದ ಯೂರೋಪಿನ ಕಾಫಿ ಅಂಗಡಿಗಳ ಬಗ್ಗೆ. ಅಲ್ಲಿ ಪತ್ರಿಕೆ ಓದಿ, ರಾಜನ ಹಂಗಿಲ್ಲದೆ ವಾದ ಮಾಡುತ್ತ ಸಾರ್ವಜನಿಕ ಅಭಿಪ್ರಾಯ ಎಂಬುದು ಹುಟ್ಟಿತು ಎಂದು ಆ ಶಿಷ್ಯ ಬರೆದಿದ್ದ. ಆ ಅಂಗಡಿಗಳಲ್ಲಿ ಹೆಂಗಸರು ಎಲ್ಲಿದ್ದರು, ಕೂಲಿಯವರು ಎಲ್ಲಿದ್ದರು ಎಂದು ಆಮೇಲಿನವರು ಅವನನ್ನು ಕೇಳಿದರಂತೆ. ಈ ಪ್ರಶ್ನೆಯನ್ನು ಪರದೆಯ ಹಿಂದೆ ಕೂತು ಓದುವಾಗ ಅಡಿಟಿಪ್ಪಣಿ ಬೇಕಾಗಲಿಲ್ಲ.

ಆಮೇಲೆ ಸಿಕ್ಕಿದ್ದು ಗುಬ್ಬಿ ರೈಲ್ವೆ ಸ್ಟೇಷನ್ನು. ಸೂಚಿಸಿದವರು ಬ್ಯಾಂಕಿನವರು. "ಪ್ಲಾಟ್‌ಫಾರಮ್ಮಲ್ಲಿ ಕೂತೋರ್ನ ಯಾರೂ ಯಾಕ್ ಕೂತೆ ಅನ್ನಲ್ಲ ಸಾರ್. ರೈಲಿಗೆ ಕಾಯ್ತಾವ್ರೆ ಅಂದ್ಕೋತಾರೆ" ಎಂದರು. ನಿಜವಾಗಿಯೂ ಹಾಗೇ ಆಯಿತು. ಮೇಷ್ಟ್ರೂ ಬ್ಯಾಂಕಿನವರೂ ತುಮಕೂರಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದರು. ಲಾಯರೂ ನಾನೂ ಊರೊಳಗಿಂದ ನಡೆದು ಹೋಗುತ್ತಿದ್ದೆವು. ಹೊಂಗೆ ಮರದ ಕೆಳಗೆ ಕಲ್ಲುಬೆಂಚು, ಎರಡು ಗಾಡಿಗಳ ನಡುವೆ ಒಳ್ಳೆಯ ಮೌನ. ಎಕ್ಸ್‌ಪ್ರೆಸ್ ಹಾದುಹೋಗುವಾಗ ವಾದವನ್ನು ಅರ್ಧಕ್ಕೆ ನಿಲ್ಲಿಸಿ ಕಾಯಬೇಕಿತ್ತು. ಕೊನೆಯ ಬೋಗಿ ಹೋದ ಮೇಲೆ ಲಾಯರಿಗೆ ತಾನು ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಎಷ್ಟೋ ಜಗಳಗಳು ಹಾಗೆ ತೀರಿಹೋದವು. ಸ್ಟೇಷನ್ ಮಾಸ್ಟರರು ಒಮ್ಮೆ ಬಂದು, "ಏನ್ ಸಾರ್, ಯೂನಿಯನ್ನಾ?" ಎಂದು ವಿಚಾರಿಸಿದರು. ಅಲ್ಲ ಎಂದ ಮೇಲೆ ಮುಂದಿನ ವಾರದಿಂದ ಡ್ಯೂಟಿ ಇಲ್ಲದಾಗ ಪಕ್ಕದ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂರತೊಡಗಿದರು. ಪತ್ರಿಕೆಯ ಪುಟ ಮಾತ್ರ ತಿರುಗುತ್ತಿರಲಿಲ್ಲ.

ಅಮ್ಮನೂ ಕೆಲವು ಸಲ ಅದೇ ಗಾಡಿಯಲ್ಲಿ ಬಂದರು. ನಮ್ಮ ಬೆಂಚಿಗಲ್ಲ, ನಮ್ಮತ್ತೆಯನ್ನು ನೋಡಲು. ಅವರಿಬ್ಬರಿಗೂ ಧಾರಾವಾಹಿಯ ಬಗ್ಗೆ ಇದ್ದ ಅಭಿಪ್ರಾಯಭೇದ ನಮ್ಮದಕ್ಕಿಂತ ಬಿರುಸಾಗಿತ್ತು.

ಹೊಸ ಶತಮಾನ ಶುರುವಾದ ಮೇಲೆ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಒಂದು ಲೇಖನದ ಜೆರಾಕ್ಸ್ ಕಳಿಸಿದರು. ಆ ಜರ್ಮನ್ ಸಂಶೋಧನಾ ಕೇಂದ್ರದ ಮೂರನೇ ತಲೆಮಾರಿನವನು ಬರೆದ ವಿಚಾರ ಅದರಲ್ಲಿತ್ತು. ಜನ ಹೋರಾಡುವುದು ಕೂಲಿಗೆ ಮಾತ್ರವಲ್ಲ, ಅವಮಾನದ ವಿರುದ್ಧವೂ. ಮನುಷ್ಯನಿಗೆ ತಾನು ಯಾರೆಂಬುದು ಬೇರೆಯವರ ಕಣ್ಣಲ್ಲಿ ಸಿಗುವ ಬೆಲೆಯಿಂದ ರೂಪುಗೊಳ್ಳುತ್ತದೆ. ಆ ಬೆಲೆ ಸಿಗದಾಗ ಆಗುವ ಗಾಯದಿಂದಲೇ ಚಳವಳಿಗಳು ಹುಟ್ಟುತ್ತವೆ ಎಂಬುದು ಅದರ ಸಾರ. ಅದನ್ನು ಕನ್ನಡದಲ್ಲಿ ಹೇಳುವ ಸರದಿ ಬ್ಯಾಂಕಿನವರದು.

ಆ ಭಾನುವಾರ ಗುಬ್ಬಿಯಲ್ಲಿ ಜೋರು ಮಳೆ. ಪ್ಲಾಟ್‌ಫಾರಮ್ಮಿನ ಚಾವಣಿಯ ಕೆಳಗೂ ಇರಚಲು ಹೊಡೆಯುತ್ತಿತ್ತು. "ನಡೀರಿ, ನಮ್ಮನೆಗೆ ಹೋಗೋಣ, ಹತ್ತಿರಾನೇ ಇದೆ" ಎಂದರು ಲಾಯರು. ಮೇಷ್ಟ್ರೂ ನಾನೂ ಹೊರಟೆವು. ಬ್ಯಾಂಕಿನವರು, "ಇಲ್ಲೇ ಇರೋಣ ಬುಡಿ, ನಿಲ್ತದೆ" ಎಂದರು. ಲಾಯರು ಅವರ ಕೈ ಹಿಡಿದು ಕೊಡೆಯೊಳಗೆ ಎಳೆದುಕೊಂಡರು.

ಕಂಬದ ತೊಟ್ಟಿಯ ಹಳೆ ಮನೆ. ಲಾಯರ ತಾಯಿ ಟವೆಲು ತಂದು ಕೊಟ್ಟರು, ಉಪಚಾರ ಮಾಡಿದರು. ನನ್ನನ್ನು ಯಾರ ಮನೆ ಸೊಸೆ ಎಂದು ಕೇಳಿ ತಿಳಿದು ಸಂತೋಷಪಟ್ಟರು. ಆಮೇಲೆ ಬ್ಯಾಂಕಿನವರ ಕಡೆ ತಿರುಗಿದರು.

"ಯಾವೂರಪ್ಪಾ ನಿಮ್ದು?"

"ಮಾರ್ಕೋನಹಳ್ಳಿ ಹತ್ರ."

"ಹೌದಾ! ಅಲ್ಲಿ ನಮ್ಮೋರೇ ಬೇಕಾದಷ್ಟು ಜನ ಅವ್ರೆ. ಯಾರ ಪೈಕಿ ನೀವು?"

ಬ್ಯಾಂಕಿನವರು ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟರು. "ನಮ್ದು ಊರಾಚೆ ಕೇರಿ, ತಾಯಿ."

ತಾಯಿ "ಓ" ಎಂದರು. ಮುಖದಲ್ಲಿ ನಗು ಹಾಗೇ ಇತ್ತು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಫಿ ಬಂತು. ಮೂರು ಸ್ಟೀಲ್ ಲೋಟ, ಒಂದು ಪ್ಲಾಸ್ಟಿಕ್ ಕಪ್ಪು. ಸಮಾರಂಭಗಳಲ್ಲಿ ಕುಡಿದು ಬಿಸಾಡುತ್ತಾರಲ್ಲ, ಅಂಥ ಬಿಳಿ ಕಪ್ಪು. ಬಿಸಿಗೆ ಅದರ ಅಂಚು ಮೆತ್ತಗಾಗಿತ್ತು.

ನಾವು ನಾಲ್ವರೂ ತಟ್ಟೆಯನ್ನೇ ನೋಡಿದೆವು. ಲಾಯರ ಕಿವಿ ಕೆಂಪಗಾಯಿತು. "ಅಮ್ಮಾ!" ಎಂದು ಕೂಗುತ್ತ ಅವರು ಎದ್ದಾಗ ಬ್ಯಾಂಕಿನವರು ತೋಳು ಹಿಡಿದು ಕೂರಿಸಿದರು. "ಬುಡಿ ಸಾರ್. ಕಾಫಿ ಆರೋಯ್ತದೆ." ಅಷ್ಟರಲ್ಲಿ ಲಾಯರು ಆ ಕಪ್ಪನ್ನು ತಾವೇ ತೆಗೆದುಕೊಂಡು ತಮ್ಮ ಲೋಟವನ್ನು ಅವರ ಮುಂದೆ ಇಟ್ಟಿದ್ದರು. ಬ್ಯಾಂಕಿನವರು ಆ ಲೋಟವನ್ನು ಮುಟ್ಟಲಿಲ್ಲ. ಜೇಬಿನಿಂದ ಜೆರಾಕ್ಸ್ ಹಾಳೆಗಳನ್ನು ತೆಗೆದು ಬಿಡಿಸಿ, "ಶುರು ಮಾಡ್ಲಾ ಮೇಷ್ಟ್ರೇ?" ಎಂದರು.

"ಮಾಡಿ" ಎಂದರು ಮೇಷ್ಟ್ರು. ಅವರ ದನಿ ಸಣ್ಣಗಾಗಿತ್ತು.

ಬ್ಯಾಂಕಿನವರು ಎರಡು ಪ್ಯಾರಾ ಹೇಳಿದರು. ಎಂದಿಗಿಂತ ಸ್ಪಷ್ಟವಾಗಿ, ಒಳಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. 'ರೆಕಗ್ನಿಷನ್' ಎಂಬ ಮುಖ್ಯವಾದ ಪದ ಬಂದ ಕಡೆ ನಿಲ್ಲಿಸಿದರು. ಮೇಷ್ಟ್ರು ಅಭ್ಯಾಸಬಲದಿಂದ, "ಇದಕ್ಕೆ ಗುರುತಿಸುವಿಕೆ ಅನ್ನಬಹುದು" ಎಂದರು.

"ಬೇಡ ಸಾರ್" ಎಂದರು ಬ್ಯಾಂಕಿನವರು. "ಗುರುತು ನಂಗೆ ಬೇಕಾದಷ್ಟು ಸಿಕ್ಕಿದೆ. ಹೋದ ಕಡೆ ಎಲ್ಲಾ ಗುರುತು ಹಿಡೀತಾರೆ. ಒಂದೇ ಪ್ರಶ್ನೆಗೆ ಹಿಡೀತಾರೆ. ಇವ್ನು ಹೇಳ್ತಿರೋದು ಅದಲ್ಲ. ಇದು ಮನ್ನಣೆ."

ಮೇಷ್ಟ್ರು ಪೆನ್ನು ತೆಗೆದು ಜೆರಾಕ್ಸಿನ ಅಂಚಿನಲ್ಲಿ 'ಮನ್ನಣೆ' ಎಂದು ಬರೆದುಕೊಂಡರು. ಒಳಬಾಗಿಲಿನ ಹತ್ತಿರ ಲಾಯರ ತಾಯಿಯ ಸೀರೆಯ ಅಂಚು ಕಾಣುತ್ತಿತ್ತು. ಬ್ಯಾಂಕಿನವರು ಕೊನೆಯವರೆಗೆ ಹೇಳಿ ಮುಗಿಸಿದರು. ಮಳೆ ನಿಂತಿತ್ತು. ಎಲ್ಲರೂ ಎದ್ದೆವು. ಸ್ಟೇಷನ್ನಿನ ದಾರಿಯಲ್ಲಿ ಅವರು ನನಗೆ ಹೇಳಿದರು: "ಮೇಡಮ್, ಮೊದಲನೇ ದಿನ ನೀವು ನಮ್ಮ ಕಡೆಯೋರು ಅಂದ್ರಲ್ಲ, ಅವತ್ತಿಂದಾನೂ ಕಾಯ್ತಿದ್ದೆ, ಯಾವಾಗ ಯಾರ ಪೈಕಿ ಅಂತ ಕೇಳ್ತಾರೋ ಅಂತ. ನೀವು ಕೇಳ್ಲೇ ಇಲ್ಲ." ಕೇಳದಿದ್ದದ್ದು ದೊಡ್ಡ ಗುಣವೇನಲ್ಲ, ಪುಸ್ತಕದ ಗುಂಗಿನಲ್ಲಿ ನನಗೆ ಹೊಳೆದಿರಲಿಲ್ಲ ಅಷ್ಟೆ. ಅದನ್ನೇ ಹೇಳಿದೆ. "ಹಂಗೇ ಆಗ್ಬೇಕು, ಹೊಳೀಬಾರ್ದು" ಎಂದು ಅವರು ನಕ್ಕರು.

ಲಾಯರು ಆಮೇಲೆ ಕೆಲವು ತಿಂಗಳು ಬರಲಿಲ್ಲ. ಸಂಕೋಚವಿರಬೇಕೆಂದು ಸುಮ್ಮನಿದ್ದೆವು. ಒಂದು ಭಾನುವಾರ ಪ್ಲಾಟ್‌ಫಾರಮ್ಮಿಗೆ ಬಂದರು, ಮೈ ಸ್ವಲ್ಪ ಇಳಿದಿತ್ತು. ನಡೆದದ್ದನ್ನು ಅವರೇ ಹೇಳಿದರು. ಅವತ್ತು ರಾತ್ರಿ ತಾಯಿಯೊಂದಿಗೆ ಜಗಳವಾಗಿತ್ತು. ನನ್ನ ಸ್ನೇಹಿತನಿಗೆ ಕೊಟ್ಟ ಕಪ್ಪಿನಲ್ಲೇ ನಾನೂ ಕುಡಿಯುತ್ತೇನೆ ಎಂದು ಅವರು ಅಂದಿನಿಂದ ಮನೆಯಲ್ಲಿ ಕಾಫಿ, ನೀರು, ಮಜ್ಜಿಗೆ ಎಲ್ಲವನ್ನೂ ಪ್ಲಾಸ್ಟಿಕ್ ಕಪ್ಪಿನಲ್ಲೇ ಕುಡಿದರು. ಮೊದಲು ತಾಯಿ ಬೈದರು. ಆಮೇಲೆ ಅತ್ತರು. ನೆಂಟರು ಬಂದಾಗಲೂ ಇವರು ಕಪ್ಪು ಬಿಡಲಿಲ್ಲ. ಯಾಕೆಂದು ನೆಂಟರು ಕೇಳಿದರೆ ತಾಯಿಯ ಎದುರಿಗೇ ಕಾರಣ ಹೇಳಿದರು. ಕೊನೆಗೆ ಒಂದು ದಿನ ತಾಯಿ ಅಟ್ಟದ ಮೇಲಿದ್ದ ಕಪ್ಪಿನ ಕಟ್ಟನ್ನು ತಂದು ಒಲೆಗೆ ಹಾಕಿದರಂತೆ. ಮನೆಯೆಲ್ಲ ಕೆಟ್ಟ ಹೊಗೆ. "ಇನ್ಮೇಲೆ ಯಾರ್ ಬಂದ್ರೂ ಒಂದೇ ಲೋಟ ಕಣೋ, ನೀನು ಮೊದ್ಲು ಸರಿಯಾಗಿ ಕುಡಿ" ಎಂದರಂತೆ.

"ಮನಸ್ಸು ಬದಲಾಯ್ತು ಅನ್ನು" ಎಂದರು ಮೇಷ್ಟ್ರು.

"ಮನಸ್ಸು ಗೊತ್ತಿಲ್ಲ ಮೇಷ್ಟ್ರೇ. ಲೋಟ ಬದಲಾಗಿದೆ."

ಬ್ಯಾಂಕಿನವರು ತಲೆ ತಗ್ಗಿಸಿ ಕೇಳುತ್ತಿದ್ದರು. ಇದು ನ್ಯಾಯವೋ ಹಟವೋ ಎಂದು ನಾನು ಯೋಚಿಸುತ್ತಿದ್ದೆ. ತಾಯಿ ಸೋತದ್ದು ಒಳ್ಳೆಯ ಕಾರಣಕ್ಕೋ, ಮಗನ ಮೇಲಿನ ಮೋಹಕ್ಕೋ? ನಾವು ಓದಿದ ಅಧ್ಯಾಯದ ಪ್ರಕಾರ ಮೊದಲನೆಯದು ಮಾತ್ರ ಸರಿ. ಆದರೆ ಲೋಕದಲ್ಲಿ ಅವೆರಡನ್ನೂ ಬೇರೆ ಮಾಡಿ ತೂಗುವ ತಕ್ಕಡಿ ಎಲ್ಲಿದೆ?

"ಒಂದ್ಸಲ ಬನ್ನಿ ಮನೆಗೆ" ಎಂದರು ಲಾಯರು, ಬ್ಯಾಂಕಿನವರಿಗೆ.

"ಆ ಲೋಟ ನಿಮ್ಮನೆ ವಿಷ್ಯ ಸಾರ್. ನೀವು ಸರಿ ಮಾಡ್ಕಂಡ್ರಿ, ಒಳ್ಳೇದಾಯ್ತು. ಅದನ್ನ ನೋಡಕ್ಕೆ ಅಂತ ನಾನು ಬರಲ್ಲ" ಎಂದರು ಬ್ಯಾಂಕಿನವರು. ದನಿಯಲ್ಲಿ ಕಹಿ ಇರಲಿಲ್ಲ. ಆಮೇಲೆ, "ನೀವೇ ಬನ್ನಿ ನಮ್ಮೂರಿಗೆ, ಎಲ್ಲಾರೂ. ಡ್ಯಾಮಲ್ಲಿ ನೀರು ತುಂಬ್ಕಂಡದೆ" ಎಂದರು.

ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ಹೋದೆವು. ಮೇಷ್ಟ್ರು, ಅಮ್ಮ, ಲಾಯರು, ನಾನು, ಜೊತೆಗೆ ಡ್ಯಾಮು ನೋಡುವ ಆಸೆಗೆ ನಮ್ಮತ್ತೆ. ಬ್ಯಾಂಕಿನವರ ತಾಯಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದರು. ನಮ್ಮತ್ತೆ ಹೊಸಿಲ ಹತ್ತಿರ ಒಂದು ಗಳಿಗೆ ನಿಂತರು. ಆ ತಾಯಿ ಒಳಗಿನಿಂದ, "ಬಾರವ್ವಾ, ಬಿಸಿಲಲ್ಲಿ ಯಾಕ್ ನಿಂತಿದ್ದೀಯೆ?" ಎಂದರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ಊಟವಾದ ಮೇಲೆ ಬಸ್ಸಾರಿಗೆ ಏನು ಹಾಕಿದ್ದೀರಿ ಎಂದು ವಿಚಾರಿಸಿದರು. ಬರುವಾಗ ಬಸ್ಸಿನಲ್ಲಿ ನಾನು ಏನೂ ಕೇಳಲಿಲ್ಲ. ಅವರೇ, "ಹುರುಳಿ ಸ್ವಲ್ಪ ಹುರ್ಕಂಡು ಬೇಯಿಸ್ಬೇಕಂತೆ ಕಣೇ, ನಾವು ತಪ್ ಮಾಡ್ತಿದ್ವಿ" ಎಂದರು.

ಕೆಲವು ವರ್ಷಗಳ ನಂತರ ಬ್ಯಾಂಕಿನವರಿಗೆ ಬಡ್ತಿಯಾಗಿ ದೂರದ ಜಿಲ್ಲೆಗೆ ವರ್ಗವಾಯಿತು. ಲಾಯರಿಗೆ ಕೋರ್ಟಿನ ಕೆಲಸ ಹೆಚ್ಚಿತು. ಪುಸ್ತಕವನ್ನು ಪೂರ್ತಿ ಕನ್ನಡಕ್ಕೆ ತರಬೇಕೆಂಬ ಮೇಷ್ಟ್ರ ಆಸೆ ಕೈಗೂಡಲಿಲ್ಲ. ನಾನು ಎಂ.ಫಿಲ್.ಗೆ ಸೇರಿ ಇದೇ ವಿಷಯ ಬರೆದೆ. ಪ್ರಬಂಧದಲ್ಲಿ ಎಲ್ಲ ಕಡೆಯೂ 'ಮನ್ನಣೆ' ಎಂದೇ ಬಳಸಿದೆ. ಈ ಪದ ಎಲ್ಲಿಂದ ಬಂತು ಎಂದು ಪರೀಕ್ಷಕರು ಕೇಳಿದಾಗ, ಒಂದು ಚರ್ಚೆಯಲ್ಲಿ ಬಂತು ಎಂದೆ.

ಮೇಷ್ಟ್ರಿಗೆ ಕಣ್ಣು ಮಂಜಾದ ಮೇಲೆ ನಾನು ತುಮಕೂರಿಗೆ ಹೋಗಿ ಓದಿ ಹೇಳುತ್ತಿದ್ದೆ, ಭಾನುವಾರ ಬಿಟ್ಟು ಬೇರೆ ದಿನ. ಒಂದು ಸಂಜೆ ಹೊಸ ಲೇಖನವೊಂದನ್ನು ಓದುತ್ತಿದ್ದೆ. ಈ ಸಿದ್ಧಾಂತ ಕಟ್ಟಿದವರು ತಮ್ಮ ದೇಶಗಳು ಆಳಿದ ನಾಡುಗಳ ಜನರನ್ನು ಯಾಕೆ ಅಷ್ಟಾಗಿ ನೆನೆಯಲಿಲ್ಲ, ಅವರ ಮಾತಿನ ವೃತ್ತದಲ್ಲಿ ನಮ್ಮಂಥವರಿಗೆ ಜಾಗವೆಲ್ಲಿ ಎಂದು ಅದರಲ್ಲಿ ಯಾರೋ ಕೇಳಿದ್ದರು. ಒರಗಿಕೊಂಡಿದ್ದ ಮೇಷ್ಟ್ರು ಎದ್ದು ಕೂತರು.

"ಒಳ್ಳೇ ಪ್ರಶ್ನೆ ಕಣಮ್ಮಾ ಇದು! ಇಷ್ಟು ದಿನ ನಮಗ್ಯಾಕೆ ಹೊಳೀಲಿಲ್ಲ? ಇರು, ಲಾಯರಿಗೆ ಫೋನ್ ಮಾಡು. ಅವನೇನಂತಾನೆ ಕೇಳೋಣ."

ನಾನು ಫೋನು ಮಾಡಿದೆ.